ಎಲ್ಲರಿಗೂ ಕಾಣುವ ಫೋಟೋ ಎಲ್ಲರ ಸ್ವತ್ತಾ? ಎಐ ತರಬೇತಿ ಮತ್ತು ನಮ್ಮ ಒಪ್ಪಿಗೆ

ಹಳೇ ಆಲ್ಬಮ್ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಒಂದು ಮಕ್ಕಳ ನಾಟಕ ತಂಡದ ಫೋಟೋ ಪುಟ ನೋಡಿಕೊಳ್ಳುವ ಕೆಲಸ ನನ್ನದು. ತಾಲೀಮು, ಬಣ್ಣ ಹಚ್ಚಿಕೊಳ್ಳುವ ಹೊತ್ತು, ನಾಟಕ ಮುಗಿದ ಮೇಲಿನ ಗುಂಪು ಫೋಟೋ, ಎಲ್ಲವೂ ವರ್ಷಗಳಿಂದ ಅಲ್ಲಿವೆ. ಹಾಕುವ ಮೊದಲು ಅಪ್ಪ ಅಮ್ಮಂದಿರನ್ನು ಕೇಳುತ್ತಿದ್ದೆವು. "ಹಾಕಿ, ನೆಂಟರೆಲ್ಲ ನೋಡಲಿ" ಅನ್ನುತ್ತಿದ್ದರು.

ಈಗ ನಾವು ಬಳಸುವ ಫೋಟೋ ತಾಣದಿಂದ ಒಂದು ಮೇಲ್ ಬಂದಿದೆ. ನಿಯಮ ಬದಲಾಗಿದೆಯಂತೆ. ಉದ್ದದ ಬರಹ. ಅದರ ನಡುವೆ ಎಲ್ಲೋ, ಸೇವೆ ಸುಧಾರಿಸಲು ಮತ್ತು ಎಐ ತರಬೇತಿಗೆ ನಿಮ್ಮ ಚಿತ್ರಗಳನ್ನು ಬಳಸಬಹುದು ಎಂಬ ಸಾಲು ಇದೆ. ಸೆಟ್ಟಿಂಗ್ಸ್ ಒಳಗೆ ಹುಡುಕಿದರೆ ಅದಕ್ಕೊಂದು ಬಟನ್ ಸಿಗುತ್ತದೆ. ಅದು ಮೊದಲೇ ಆನ್ ಆಗಿದೆ.

ಒಂದು ಫೋಟೋ ಹೇಗಿದೆ ಅಂತ ಹೇಳುತ್ತೇನೆ. ಏಳು ವರ್ಷದ ಹುಡುಗಿ, ರಾಜನ ಪಾತ್ರ. ಬಣ್ಣದಲ್ಲಿ ಬರೆದ ಮೀಸೆ ಬೆವರಿಗೆ ಅರ್ಧ ಅಳಿಸಿದೆ. ಮುಂದಿನ ಎರಡು ಹಲ್ಲಿಲ್ಲ, ಆದರೂ ಬಾಯಿ ತುಂಬ ನಗು. ಕೆಳಗೆ ಅವಳ ಪೂರ್ತಿ ಹೆಸರು, ವಯಸ್ಸು, ಶಾಲೆಯ ಹೆಸರು. ಈಗ ಅವಳು ಕಾಲೇಜಿನಲ್ಲಿದ್ದಾಳೆ. ಮೊನ್ನೆ ಮೆಸೇಜ್ ಮಾಡಿದ್ದಳು: "ಅಕ್ಕಾ, ನನ್ನ ಫೋಟೋನೂ ಎಐಗೆ ಹೋಗಿದೆಯಾ? ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ."

ಅವಳ ಅಮ್ಮ ಒಪ್ಪಿದ್ದರು, ನಿಜ. ಆದರೆ ಒಪ್ಪಿದ್ದು ನೆಂಟರು ನೋಡುವುದಕ್ಕೆ. ಆ ಒಪ್ಪಿಗೆ ಇದಕ್ಕೂ ಸಲ್ಲುತ್ತದಾ? ತಿಳಿದವರು ಹೇಳಿ.

ನೇರ ಮಾತು

ಬೇಸರ ಮಾಡಿಕೊಳ್ಳಬೇಡಿ ಮೇಡಂ, ನನಗೆ ಇದು ಅಷ್ಟು ದೊಡ್ಡ ವಿಷಯ ಅನಿಸುವುದಿಲ್ಲ. ಎಲ್ಲರಿಗೂ ಕಾಣುವ ಹಾಗೆ ಹಾಕಿದ ಮೇಲೆ ಯಾರು ಬೇಕಾದರೂ ನೋಡುತ್ತಾರೆ. ಯಂತ್ರವೂ ನೋಡಿತು, ಅಷ್ಟೇ. ಚಿತ್ರಕಲೆ ಕಲಿಯುವ ಹುಡುಗನೂ ನೂರಾರು ಮುಖ ನೋಡಿಯೇ ಕಲಿಯುವುದು. ಅವನು ಎಲ್ಲರ ಒಪ್ಪಿಗೆ ಕೇಳುತ್ತಾನಾ? ಎಐ ಕೂಡ ಫೋಟೋವನ್ನು ಇಟ್ಟುಕೊಳ್ಳುವುದಿಲ್ಲ. ಮುಖ ಅಂದರೆ ಹೀಗಿರುತ್ತದೆ ಅಂತ ಕಲಿತು ಮುಂದೆ ಹೋಗುತ್ತದೆ. ಬಟನ್ ಆಫ್ ಮಾಡಿ, ಕೆಲಸ ಮುಗಿಯಿತು.

ಮೇಷ್ಟ್ರು

ಬಟನ್ ಇರುವುದು ಖಾತೆ ಇರುವವರಿಗೆ. ಆ ಹುಡುಗಿಗೆ ಆ ತಾಣದಲ್ಲಿ ಖಾತೆಯೇ ಇಲ್ಲ ಅನಿಸುತ್ತದೆ. ಅವಳು ಯಾವ ಬಟನ್ ಒತ್ತಬೇಕು?

ಡೇಟಾದವಳು

ನಾನು ಇದೇ ಕೆಲಸದಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. "ನೋಡಿತು, ಅಷ್ಟೇ" ಅನ್ನುವುದು ಅರ್ಧ ನಿಜ.

ಚಿತ್ರ ಬರೆಯುವ ಎಐಗಳಿಗೆ ಫೋಟೋ ಎಲ್ಲಿಂದ ಸಿಕ್ಕಿತು ಅಂತ ತಿಳಿಯಲು ಲಯಾನ್-5ಬಿ ನೋಡಿದರೆ ಸಾಕು. 2022ರಲ್ಲಿ ಹೊರಬಂದ ಪಟ್ಟಿ ಅದು. 585 ಕೋಟಿ ಸಾಲುಗಳು. ಒಂದೊಂದು ಸಾಲಿನಲ್ಲೂ ಒಂದು ಚಿತ್ರದ ವಿಳಾಸ, ಪಕ್ಕದಲ್ಲಿ ಆ ಚಿತ್ರದ ಬಗ್ಗೆ ನಾಲ್ಕು ಮಾತು. ಚಿತ್ರ ಆ ಪಟ್ಟಿಯೊಳಗೆ ಇಲ್ಲ. ತರಬೇತಿ ಕೊಡುವವರು ಆ ವಿಳಾಸಕ್ಕೆ ಹೋಗಿ ಇಳಿಸಿಕೊಳ್ಳುತ್ತಾರೆ. ಅಂದರೆ ಯಂತ್ರ "ನೋಡುವ" ಮೊದಲೇ ನಮ್ಮ ಫೋಟೋದ ಒಂದು ನಕಲು ಬೇರೆಯವರ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಬರೆಯುವ ಎಐ ಕಲಿತದ್ದು ಈ ಪಟ್ಟಿಯ ಭಾಗಗಳಿಂದಲೇ.

ಪಕ್ಕದ ನಾಲ್ಕು ಮಾತು ಎಲ್ಲಿಂದ ಬಂತು ಗೊತ್ತಾ? ಆಲ್ಟ್ ಟೆಕ್ಸ್ಟ್‌ನಿಂದ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದಿ ಹೇಳಲಿ ಅಂತ ಚಿತ್ರದ ಹಿಂದೆ ಬರೆದಿಡುವ ಸಾಲು ಅದು. ಯಾರೋ ಕಾಳಜಿಯಿಂದ ಬರೆದದ್ದು. ಅದೇ ತರಬೇತಿಗೆ ಹಣೆಪಟ್ಟಿ ಆಯಿತು. ಹಾಗಾಗಿ ಮೇಡಂ, ಮುಖದ ಜೊತೆ ಹೆಸರು, ವಯಸ್ಸು, ಶಾಲೆ ಕೂಡ ಒಂದೇ ಸಾಲಿನಲ್ಲಿ ಹೋಗಿರುವ ಸಾಧ್ಯತೆ ಇರುತ್ತದೆ.

ಇಟ್ಟುಕೊಳ್ಳುವುದಿಲ್ಲ ಅನ್ನುವ ಮಾತಿಗೆ ಬರುತ್ತೇನೆ. ಮಾಡೆಲ್, ಅಂದರೆ ತರಬೇತಿ ಮುಗಿಸಿದ ಎಐ, ಅದರ ಫೈಲ್ ಕೆಲವೇ ಜಿಬಿ. ಅಷ್ಟರಲ್ಲಿ ಕೋಟಿಗಟ್ಟಲೆ ಫೋಟೋ ಹಿಡಿಯುವುದಿಲ್ಲ, ಸರಿ. ಆದರೆ 2023ರಲ್ಲಿ ಗೂಗಲ್ ಮತ್ತು ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಟೇಬಲ್ ಡಿಫ್ಯೂಷನ್‌ನಿಂದಲೇ ನೂರಕ್ಕೂ ಜಾಸ್ತಿ ತರಬೇತಿ ಚಿತ್ರಗಳನ್ನು ಹೆಚ್ಚುಕಡಿಮೆ ಇದ್ದ ಹಾಗೇ ಹೊರತೆಗೆದರು. ಅದರಲ್ಲಿ ಒಬ್ಬ ನಿಜವಾದ ವ್ಯಕ್ತಿಯ ಫೋಟೋ ಅವರ ಹೆಸರು ಬರೆದ ಕೂಡಲೇ ಬಂತು. ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದಿರುವ ಚಿತ್ರಗಳಿಗೆ ಹೀಗಾಗುವುದು ಜಾಸ್ತಿ. ಎಲ್ಲ ಫೋಟೋಗೂ ಹಾಗಾಗುವುದಿಲ್ಲ. ಆದರೆ ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಇಲ್ಲ ಅಂತ ಫೋಟೋದಲ್ಲಿರುವವರಿಗೆ ಮೊದಲೇ ತಿಳಿಯುವ ದಾರಿ ಇಲ್ಲ.

ಬೆರಳೇ ಕಣ್ಣು

ಒಂದು ವಿನಂತಿ. ಇದನ್ನು ಓದಿ ದಯವಿಟ್ಟು ಆಲ್ಟ್ ಟೆಕ್ಸ್ಟ್ ಬರೆಯುವುದನ್ನು ನಿಲ್ಲಿಸಬೇಡಿ. ನನಗೆ ಕಣ್ಣು ಕಾಣುವುದಿಲ್ಲ. ಚಿತ್ರದಲ್ಲಿ ಏನಿದೆ ಅಂತ ನನಗೆ ತಿಳಿಯುವುದು ಆ ಸಾಲಿನಿಂದಲೇ. "ರಾಜನ ವೇಷದ ಮಗು, ಮೀಸೆ ಅರ್ಧ ಅಳಿಸಿದೆ, ನಗುತ್ತಿದೆ" ಅಂತ ಬರೆದರೆ ನನಗೆ ಪೂರ್ತಿ ಖುಷಿ. ಮಗುವಿನ ಹೆಸರು, ಶಾಲೆ ನನಗೆ ಬೇಡ.

ಹಳೇ ಆಲ್ಬಮ್

ಖಂಡಿತ ನಿಲ್ಲಿಸುವುದಿಲ್ಲ. ಇವತ್ತಿನಿಂದ ನೀವು ಹೇಳಿದ ಹಾಗೇ ಬರೆಯುತ್ತೇವೆ.

ಬೆಳಕು ನೆರಳು

ಫೋಟೋ ತೆಗೆಯುವವನಾಗಿ ಒಂದು ಮಾತು. ಒಂದು ಫೋಟೋದಲ್ಲಿ ಕನಿಷ್ಠ ಇಬ್ಬರ ಹಕ್ಕು ಇರುತ್ತದೆ. ತೆಗೆದವನದು ಒಂದು, ಅದರಲ್ಲಿ ಇರುವವರದು ಇನ್ನೊಂದು. ನಾವು ಚರ್ಚೆ ಮಾಡುವಾಗ ಯಾವಾಗಲೂ ಮೊದಲನೆಯದನ್ನೇ ಹಿಡಿದುಕೊಳ್ಳುತ್ತೇವೆ.

2019ರಲ್ಲಿ ಐಬಿಎಂ ಮುಖಗಳ ಒಂದು ಸಂಗ್ರಹ ಹೊರತಂದಿತು. ಹತ್ತಿರ ಹತ್ತಿರ 10 ಲಕ್ಷ ಫೋಟೋ. ಎಲ್ಲ ಫ್ಲಿಕರ್‌ನಿಂದ, ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇದ್ದವು, ಅಂದರೆ ಬೇರೆಯವರೂ ಬಳಸಿಕೊಳ್ಳಲಿ ಅಂತ ಮೊದಲೇ ಅನುಮತಿ ಕೊಟ್ಟವು. ಆ ಪರವಾನಗಿ ಕೊಟ್ಟವರು ಫೋಟೋಗ್ರಾಫರ್‌ಗಳು. ಅವರಲ್ಲೇ ಅನೇಕರಿಗೆ ತಮ್ಮ ಚಿತ್ರ ಮುಖ ಗುರುತಿಸುವ ಸಂಶೋಧನೆಗೆ ಹೋಗಿದೆ ಅಂತ ಪತ್ರಕರ್ತರು ಬಂದು ಹೇಳುವವರೆಗೂ ಗೊತ್ತಿರಲಿಲ್ಲ. ಇನ್ನು ಫೋಟೋದಲ್ಲಿ ಇದ್ದವರ ಪಾಡು ಕೇಳಬೇಕೇ? ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯೇ ಆಗ ಹೇಳಿತು: ಈ ಪರವಾನಗಿ ಇರುವುದು ಕೃತಿಸ್ವಾಮ್ಯಕ್ಕೆ, ಅದರಿಂದ ಖಾಸಗಿತನ ಕಾಯಲು ಆಗುವುದಿಲ್ಲ ಅಂತ.

ನಾನೂ ಅದೇ ಪರವಾನಗಿ ಹಾಕಿ ಎಷ್ಟೋ ಚಿತ್ರ ಹಂಚಿದ್ದೇನೆ. ಬೆಟ್ಟ, ಹಕ್ಕಿ, ಮರದ ಚಿತ್ರ ಯಾರು ಏನು ಬೇಕಾದರೂ ಮಾಡಿಕೊಳ್ಳಲಿ. ಆದರೆ ಮುಖ ನನ್ನದಲ್ಲ. ನನ್ನದಲ್ಲದ್ದನ್ನು ನಾನು ದಾನ ಮಾಡಲು ಬರುವುದಿಲ್ಲ.

ನೇರ ಮಾತು

ಐಬಿಎಂ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಅವರು ಅದನ್ನು ಯಾಕೆ ಮಾಡಿದರು ಅಂತಲೂ ಹೇಳಬೇಕು. ಹಿಂದಿನ ವರ್ಷ, 2018ರಲ್ಲಿ, ಜಾಯ್ ಬುಲಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಒಂದು ಅಧ್ಯಯನ ಪ್ರಕಟಿಸಿದ್ದರು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಆಗಿನ ಸಾಫ್ಟ್‌ವೇರ್‌ಗಳು ಬಿಳಿ ಗಂಡಸರಲ್ಲಿ ಹೆಚ್ಚೆಂದರೆ ಶೇ 0.8ರಷ್ಟು ತಪ್ಪುತ್ತಿದ್ದವು. ಕಪ್ಪು ಮೈಬಣ್ಣದ ಹೆಂಗಸರಲ್ಲಿ ತಪ್ಪು ಶೇ 34.7ರವರೆಗೂ ಹೋಗುತ್ತಿತ್ತು. ಕಾರಣ ಏನು? ತರಬೇತಿಯ ಫೋಟೋಗಳಲ್ಲಿ ಅಂಥ ಮುಖಗಳು ಕಡಿಮೆ. ಎಲ್ಲ ಬಗೆಯ ಜನರ ಫೋಟೋ ಸೇರಿಸಿದರೆ ತಾನೇ ಯಂತ್ರ ಎಲ್ಲರಿಗೂ ನ್ಯಾಯವಾಗಿ ಕೆಲಸ ಮಾಡುವುದು? ಎಲ್ಲರೂ ನನ್ನದು ಬೇಡ ಅಂದರೆ ನಷ್ಟ ಯಾರಿಗೆ? ಮೊದಲೇ ಲೆಕ್ಕಕ್ಕಿಲ್ಲದವರಿಗೆ.

ಡೇಟಾದವಳು

ಇದು ತೂಕದ ಮಾತು. ಆದರೆ ಉದ್ದೇಶ ಒಳ್ಳೆಯದು ಅಂತ ಕೇಳದೆ ತೆಗೆದುಕೊಳ್ಳುವುದು ಬೇರೆ, ಕೇಳಿ ಪಡೆಯುವುದು ಬೇರೆ. ಕೇಳಿ ಪಡೆಯಲು ಆಗುತ್ತದೆ, ಮಾಡಿ ತೋರಿಸಿದವರಿದ್ದಾರೆ. 2021ರಲ್ಲಿ ಫೇಸ್‌ಬುಕ್‌ನವರು 3,011 ಜನರಿಗೆ ದುಡ್ಡು ಕೊಟ್ಟು, ಒಪ್ಪಿಗೆ ಪಡೆದು, ವಿಡಿಯೋ ಸಂಗ್ರಹ ಮಾಡಿದರು. ವಯಸ್ಸು ಎಷ್ಟು ಅಂತ ಅವರೇ ಹೇಳಿದರು, ಯಾರೋ ಊಹಿಸಿ ಬರೆದದ್ದಲ್ಲ. 2025ರಲ್ಲಿ ಸೋನಿಯ ಸಂಶೋಧಕರು 81 ದೇಶಗಳ ಸುಮಾರು 2,000 ಜನರ ಫೋಟೋ ಸಂಗ್ರಹ ಹೊರತಂದರು. ಅದರಲ್ಲಿ ಇರುವವರು ಬೇಕೆಂದಾಗ ಒಪ್ಪಿಗೆ ಹಿಂದಕ್ಕೆ ಪಡೆಯಬಹುದು. ಎರಡೂ ಎಐ ಪಕ್ಷಪಾತ ಮಾಡುತ್ತದಾ ಅಂತ ಪರೀಕ್ಷಿಸಲೆಂದೇ ಮಾಡಿದವು.

ಹೌದು, ಇವು 585 ಕೋಟಿಯ ಮುಂದೆ ಏನೂ ಅಲ್ಲ. ಖರ್ಚು ಜಾಸ್ತಿ, ನಿಧಾನ. ಆ ಖರ್ಚನ್ನು ಕಂಪನಿ ಹೊರಬೇಕೋ, ಫೋಟೋದಲ್ಲಿ ಇರುವವರು ಹೊರಬೇಕೋ, ಪ್ರಶ್ನೆ ಇಷ್ಟೇ.

ಬಿಡುವಿಲ್ಲದ ಅಮ್ಮ

ನಾನು ಮಕ್ಕಳ ವಿಷಯಕ್ಕೆ ಬರುತ್ತೇನೆ. ಮೊದಲ ಬಾರಿ ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ.

2024ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಅದೇ ಲಯಾನ್-5ಬಿ ಪಟ್ಟಿಯನ್ನು ನೋಡಿತು. ಬ್ರೆಜಿಲ್‌ನ 170 ಮಕ್ಕಳ ಫೋಟೋ ಸಿಕ್ಕವು. ಮುಂದಿನ ತಿಂಗಳು ಆಸ್ಟ್ರೇಲಿಯಾದ 190 ಮಕ್ಕಳದು. ಇಷ್ಟೇನಾ ಅನಿಸಬಹುದು. ಆದರೆ ಅವರು ನೋಡಿದ್ದು ಇಡೀ ಪಟ್ಟಿಯ ಶೇ 0.0001ಕ್ಕಿಂತ ಕಡಿಮೆ. ಹುಟ್ಟಿದ ಗಳಿಗೆಯ ಫೋಟೋ, ಹುಟ್ಟುಹಬ್ಬದಲ್ಲಿ ಮೇಣದಬತ್ತಿ ಊದುತ್ತಿರುವ ಫೋಟೋ, ಶಾಲೆಯಲ್ಲಿ ಎಲ್ಲರ ಮುಂದೆ ನಿಂತು ವಿಷಯ ಮಂಡಿಸುತ್ತಿರುವ ಫೋಟೋ. ಒಂದರಲ್ಲಿ 3 ಮತ್ತು 4 ವರ್ಷದ ಇಬ್ಬರು ಹುಡುಗರು. ಫೋಟೋ ಜೊತೆಗಿದ್ದ ಬರಹದಿಂದಲೇ ಅವರ ಪೂರ್ತಿ ಹೆಸರು, ವಯಸ್ಸು, ಹೋಗುತ್ತಿದ್ದ ಶಿಶುವಿಹಾರ ಎಲ್ಲ ತಿಳಿಯುತ್ತಿತ್ತು.

ಇನ್ನೂ ಒಂದು ಇದೆ. ಕೆಲವು ಚಿತ್ರ ಬಂದದ್ದು ಹುಡುಕಿದರೆ ಸಿಗದ ಹಾಗೆ ಇಟ್ಟ ವಿಡಿಯೋಗಳಿಂದ. ಅಂದರೆ ಆ ಅಪ್ಪ ಅಮ್ಮ ಹುಷಾರಾಗಿಯೇ ಇದ್ದರು. ನಾಲ್ಕು ಜನಕ್ಕೆ ಮಾತ್ರ ತೋರಿಸಬೇಕು ಅಂತಲೇ ಹಾಗೆ ಇಟ್ಟಿದ್ದರು. "ಹಾಕಿದ್ದು ಯಾಕೆ" ಅಂತ ಬೈಯುವವರು ಇದನ್ನು ಯೋಚಿಸಬೇಕು.

ನೇರ ಮಾತು

ಮಕ್ಕಳ ವಿಷಯದಲ್ಲಿ ನನಗೂ ಎರಡು ಮಾತಿಲ್ಲ. ಹೊರಗಿಡಲೇಬೇಕು. ಆದರೆ ದೊಡ್ಡವರು ತಿಳಿದೇ ಹಾಕಿಕೊಂಡ ಫೋಟೋ?

ಬೆಳಕು ನೆರಳು

ಹಾಕಿಕೊಳ್ಳದೇ ಹೋದ ಫೋಟೋನೂ ಇವೆಯಲ್ಲ. 2022ರಲ್ಲಿ ಅಮೆರಿಕದ ಒಬ್ಬ ಕಲಾವಿದೆ ತರಬೇತಿ ಪಟ್ಟಿಯಲ್ಲಿ ಚಿತ್ರ ಹುಡುಕಿಕೊಡುವ ಒಂದು ತಾಣದಲ್ಲಿ ತನ್ನ ಫೋಟೋ ಹಾಕಿ ನೋಡಿದರು. ಸಿಕ್ಕಿದ್ದು 2013ರಲ್ಲಿ ಅವರ ಚಿಕಿತ್ಸೆಯ ಹೊತ್ತಿನಲ್ಲಿ ವೈದ್ಯರು ತೆಗೆದ ಮುಖದ ಚಿತ್ರಗಳು. ಅವರು ಸಹಿ ಹಾಕಿದ್ದು ತಮ್ಮ ವೈದ್ಯಕೀಯ ಕಡತಕ್ಕೆ ಮಾತ್ರ. ಆ ವೈದ್ಯರು 2018ರಲ್ಲಿ ತೀರಿಕೊಂಡಿದ್ದರು. ಚಿತ್ರ ಹೇಗೋ ಇಂಟರ್ನೆಟ್ಟಿಗೆ ಬಂದು ಅಲ್ಲಿಂದ ಪಟ್ಟಿಗೆ ಸೇರಿತು. ಆಕೆ ಎಲ್ಲೂ ಹಾಕಿಕೊಂಡದ್ದಲ್ಲ. ಬರವಣಿಗೆಯಲ್ಲಿ ಒಪ್ಪಿಗೆ ಇತ್ತು, ಆದರೆ ಬೇರೆಯದಕ್ಕೆ.

ಮೇಷ್ಟ್ರು

ಇದೇ ನನ್ನ ಮಾತು ಕೂಡ. ಹೆಲೆನ್ ನಿಸ್ಸೆನ್‌ಬಾಮ್ ಎಂಬ ವಿದ್ವಾಂಸೆ 2004ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಒಂದು ಮಾಹಿತಿ ಗುಟ್ಟೋ ಬಹಿರಂಗವೋ ಎಂದಷ್ಟೇ ನೋಡಿದರೆ ಸಾಲದು. ಅದನ್ನು ಯಾವ ಸಂದರ್ಭದಲ್ಲಿ, ಯಾರಿಗೆ, ಯಾವ ನಂಬಿಕೆಯ ಮೇಲೆ ಕೊಟ್ಟರು ಅಂತ ನೋಡಬೇಕು. ವೈದ್ಯರಿಗೆ ಹೇಳಿದ್ದು ವೈದ್ಯರಿಗೆ. ನೆಂಟರಿಗೆ ತೋರಿಸಿದ್ದು ನೆಂಟರಿಗೆ. ಆ ಸಂದರ್ಭ ದಾಟಿ ಸಾಗಿಸಿದರೆ, ಬೀಗ ಒಡೆಯದಿದ್ದರೂ ನಂಬಿಕೆ ಮುರಿದ ಹಾಗೇ.

ನೇರ ಮಾತು ಅವರ ಪ್ರಶ್ನೆಗೆ ಉತ್ತರ: ದೊಡ್ಡವರು ತಿಳಿದೇ ಹಾಕಿದರು ನಿಜ. ಏನು ತಿಳಿದು? 2024ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾ ಸಂಸತ್ತಿನ ಸಮಿತಿಯ ಮುಂದೆ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ ಒಪ್ಪಿಕೊಂಡಿತು. ದೊಡ್ಡವರು 2007ರಿಂದ ಎಲ್ಲರಿಗೂ ಕಾಣುವಂತೆ ಹಾಕಿದ ಫೋಟೋ ಮತ್ತು ಬರಹಗಳನ್ನು, ಅವರೇ ಖಾಸಗಿ ಮಾಡಿಕೊಳ್ಳದಿದ್ದರೆ, ಎಐಗೆ ಬಳಸುತ್ತೇವೆ ಅಂತ. 2007ರಲ್ಲಿ ಫೋಟೋ ಹಾಕಿದವರ ಮನಸ್ಸಿನಲ್ಲಿ ಇದು ಇರಲು ಸಾಧ್ಯವೇ? ಇಲ್ಲದ ವಸ್ತುವಿಗೆ ಒಪ್ಪಿಗೆ ಕೊಡುವುದು ಹೇಗೆ? ಯುರೋಪಿನವರಿಗೆ ಬೇಡ ಅನ್ನಲು ಒಂದು ಫಾರಂ ಕೊಟ್ಟರು, ಆಸ್ಟ್ರೇಲಿಯಾದವರಿಗೆ ಅದೂ ಇರಲಿಲ್ಲ. ಕಾಯ್ದೆ ಒತ್ತಾಯಿಸಿದ ಕಡೆ ಕೇಳಿದರು, ಉಳಿದ ಕಡೆ ಇಲ್ಲ.

ಆ ಫೋಟೋಗಳಲ್ಲಿ ಇದ್ದು ಈಗ ತೀರಿಕೊಂಡವರೂ ಇದ್ದಾರೆ. ಅವರ ಪರವಾಗಿ ಯಾರು ಫಾರಂ ತುಂಬುತ್ತಾರೆ?

ನಿರ್ವಾಹಕರು

ಒಬ್ಬರು ಉದಾಹರಣೆಗೆ ಅಂತ ಮಗುವಿನ ಫೋಟೋ ಲಿಂಕ್ ಹಾಕಿದ್ದರು. ತೆಗೆದಿದ್ದೇವೆ. ದಯವಿಟ್ಟು ಯಾರ ಫೋಟೋ ಲಿಂಕನ್ನೂ ಇಲ್ಲಿ ಹಾಕಬೇಡಿ.

ಕಾಯ್ದೆ ಓದುವವ

ಕಾನೂನು ವಿದ್ಯಾರ್ಥಿ ನಾನು. ಕಾಯ್ದೆ ಎಲ್ಲಿದೆ, ಎಲ್ಲಿ ತೂತಿದೆ, ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು, ಎರಡು ಬಳಕೆಗಳನ್ನು ಬೇರೆ ಮಾಡಿ. ಚಿತ್ರ ಬರೆಯಲು ಕಲಿಸುವುದು ಒಂದು. ಮುಖ ಗುರುತಿಸಲು ಫೋಟೋಗಳ ಭಂಡಾರ ಕಟ್ಟುವುದು ಇನ್ನೊಂದು. ಎರಡನೆಯದರಲ್ಲಿ "ಇಟ್ಟುಕೊಳ್ಳುವುದಿಲ್ಲ" ಅನ್ನುವ ಮಾತೇ ಬರುವುದಿಲ್ಲ. ಇಟ್ಟುಕೊಳ್ಳುವುದೇ ಅದರ ಕೆಲಸ. ಕ್ಲಿಯರ್‌ವ್ಯೂ ಎಐ ಕಂಪನಿ ಎಲ್ಲರಿಗೂ ಕಾಣುವ ತಾಣಗಳಿಂದ 300 ಕೋಟಿಗೂ ಮೀರಿ ಫೋಟೋ ಗುಡಿಸಿಕೊಂಡಿದೆ ಅಂತ 2020ರಲ್ಲಿ ಬಯಲಾಯಿತು. ಯಾರದಾದರೂ ಒಂದು ಫೋಟೋ ಹಾಕಿದರೆ ಅವರ ಉಳಿದ ಫೋಟೋಗಳು ಎಲ್ಲೆಲ್ಲಿವೆ ಅಂತ ತೋರಿಸುತ್ತದೆ. 2022ರಲ್ಲಿ ಇಟಲಿ, ಗ್ರೀಸ್, ಫ್ರಾನ್ಸ್ ತಲಾ 2 ಕೋಟಿ ಯೂರೋ ದಂಡ ಹಾಕಿದವು. 2024ರಲ್ಲಿ ನೆದರ್‌ಲೆಂಡ್ಸ್ 3.05 ಕೋಟಿ ಯೂರೋ. ಯುರೋಪಿನ ಎಐ ಕಾಯ್ದೆ ಈಗ ಇಂಟರ್ನೆಟ್ಟಿನಿಂದಲೋ ಸಿಸಿಟಿವಿಯಿಂದಲೋ ಸಿಕ್ಕಸಿಕ್ಕ ಮುಖಗಳನ್ನು ಗುಡಿಸಿ ಇಂಥ ಗುರುತಿನ ಭಂಡಾರ ಕಟ್ಟುವುದನ್ನೇ ನಿಷೇಧಿಸಿದೆ. 2025ರ ಫೆಬ್ರುವರಿ 2ರಿಂದ ಜಾರಿ.

ಅಮೆರಿಕದಲ್ಲಿ ಇಲಿನಾಯ್ ರಾಜ್ಯಕ್ಕೆ 2008ರಿಂದಲೇ ಒಂದು ಕಾಯ್ದೆ ಇದೆ. ಮುಖದ ಅಳತೆ ತೆಗೆಯುವ ಮೊದಲು ಬರವಣಿಗೆಯಲ್ಲಿ ಒಪ್ಪಿಗೆ ಬೇಕು. ಬೇಡ ಅನ್ನುವವರು ಬಂದು ಹೇಳಲಿ ಅಂತ ಅಲ್ಲ, ಮೊದಲೇ ಕೇಳಬೇಕು. ಅದರ ಕೆಳಗೆ ಫೋಟೋದಲ್ಲಿ ಹೆಸರು ಸೂಚಿಸುವ ಸೌಲಭ್ಯಕ್ಕಾಗಿ ಫೇಸ್‌ಬುಕ್ 65 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 2021ರ ನವೆಂಬರಿನಲ್ಲಿ 100 ಕೋಟಿಗೂ ಜಾಸ್ತಿ ಜನರ ಮುಖದ ಅಳತೆ ಅಳಿಸುತ್ತೇವೆ ಅಂತ ಪ್ರಕಟಿಸಿತು. ಆಗುವುದಿಲ್ಲ ಅನ್ನುತ್ತಿದ್ದದ್ದು ಆಯಿತು.

ತೂತು ಇರುವುದು ಚಿತ್ರ ಬರೆಯುವ ಎಐ ವಿಷಯದಲ್ಲಿ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯನ್ನೇ ನೋಡಿ. ವ್ಯಕ್ತಿ ತಾನಾಗಿ ಬಹಿರಂಗ ಮಾಡಿದ ಮಾಹಿತಿಗೆ ಅದು ಅನ್ವಯಿಸುವುದಿಲ್ಲ. ನೇರ ಮಾತು ಅವರ ವಾದ ಅಲ್ಲಿ ಕಾಯ್ದೆಯ ಒಳಗೇ ಕೂತಿದೆ. ಆದರೆ ಗಮನಿಸಿ, "ತಾನಾಗಿ." ನಾಟಕ ತಂಡ ಹಾಕಿದ ಫೋಟೋವನ್ನು ಆ ಹುಡುಗಿ ತಾನಾಗಿ ಹಾಕಿದ್ದು ಅನ್ನಲು ಆಗುತ್ತದಾ? ನನ್ನ ಓದಿನ ಪ್ರಕಾರ ಇಲ್ಲ.

ಹಳೇ ಆಲ್ಬಮ್

ಇದು ನನಗೆ ತುಂಬ ಮುಖ್ಯವಾದ ಮಾತು. ಅವಳಿಗೂ ತೋರಿಸಿದೆ. ಅವಳ ಇನ್ನೊಂದು ಪ್ರಶ್ನೆ: ಈಗ ಫೋಟೋ ತೆಗೆದುಹಾಕಿದರೆ ಎಐ ಮರೆಯುತ್ತದಾ?

ಡೇಟಾದವಳು

ಇಲ್ಲ. ಅವಳಿಗೆ ಸುಳ್ಳು ಧೈರ್ಯ ಹೇಳುವುದು ಬೇಡ.

ಪುಟದಿಂದ ತೆಗೆದರೆ ಇನ್ನು ಮುಂದೆ ಇಳಿಸಿಕೊಳ್ಳುವವರಿಗೆ ಸಿಗುವುದಿಲ್ಲ. ಆಗಲೇ ಇಳಿಸಿಕೊಂಡ ನಕಲು ಇದ್ದೇ ಇರುತ್ತದೆ. ಆಗಲೇ ತರಬೇತಿ ಮುಗಿಸಿದ ಮಾಡೆಲ್‌ನಲ್ಲಿ ಒಂದು ಫೋಟೋದ ಪ್ರಭಾವ ಕೋಟ್ಯಂತರ ಅಂಕಿಗಳಲ್ಲಿ ಚದುರಿಹೋಗಿರುತ್ತದೆ. ಅದೊಂದನ್ನೇ ಹೆಕ್ಕಿ ತೆಗೆಯುವ ನಂಬಿಕಸ್ತ ವಿಧಾನ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಖಚಿತ ದಾರಿ ಅಂದರೆ ಆ ಫೋಟೋ ಬಿಟ್ಟು ಮೊದಲಿನಿಂದ ತರಬೇತಿ ಕೊಡುವುದು. ಒಬ್ಬರಿಗಾಗಿ ಯಾರೂ ಹಾಗೆ ಮಾಡುವುದಿಲ್ಲ.

ಲಯಾನ್ ಕಥೆಯೂ ಹೀಗೇ. 2023ರ ಡಿಸೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಅದರಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಚಿತ್ರಗಳಿಗೂ ಲಿಂಕ್ ಇದೆ ಅಂತ ಪತ್ತೆ ಮಾಡಿದರು. ಪಟ್ಟಿ ಮಾಡಿದವರು ಅದನ್ನು ಕೂಡಲೇ ಹಿಂತೆಗೆದುಕೊಂಡರು. 2024ರ ಆಗಸ್ಟ್‌ನಲ್ಲಿ 2,236 ಲಿಂಕ್ ತೆಗೆದು ಮತ್ತೆ ಬಿಟ್ಟರು. ಪಟ್ಟಿ ಶುದ್ಧವಾಯಿತು ಅಂತಲೇ ಇಟ್ಟುಕೊಳ್ಳಿ. ಹಳೇ ಪಟ್ಟಿಯಿಂದ ಕಲಿತ ಮಾಡೆಲ್‌ಗಳು ಅಷ್ಟರಲ್ಲಿ ಲಕ್ಷಾಂತರ ಕಂಪ್ಯೂಟರುಗಳಿಗೆ ಇಳಿದಿದ್ದವು.

ಅದಕ್ಕೇ ನಾನು ಹೇಳುವುದು, ಆಮೇಲೆ ಬೇಡ ಅನ್ನುವ ಅವಕಾಶವನ್ನು ಒಪ್ಪಿಗೆ ಅಂತ ಕರೆಯಬಾರದು. ವಾಪಸ್ ಪಡೆಯಲು ಆಗದ ವಿಷಯಕ್ಕೆ ಮೊದಲೇ ಕೇಳಬೇಕು. ಇದರಲ್ಲಿ ನನಗೆ ಸಂಶಯವೇ ಇಲ್ಲ, ನನ್ನ ಕೆಲಸ ಕಷ್ಟವಾದರೂ ಸರಿ.

ಕಾಯ್ದೆ ಓದುವವ

ಒಂದು ಸೇರಿಸುತ್ತೇನೆ. ಮಾಡೆಲ್ಲನ್ನೇ ಅಳಿಸಿ ಅಂತ ಆದೇಶ ಆದದ್ದೂ ಇದೆ. 2021ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಎವರ್‌ಆಲ್ಬಮ್ ಎಂಬ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಿತು. ಜನ ಫೋಟೋ ಜೋಪಾನವಾಗಿ ಇಡಲು ಕೊಟ್ಟಿದ್ದರು. ಕಂಪನಿ ಅದರಿಂದ ಮುಖ ಗುರುತಿಸುವ ತಂತ್ರ ಬೆಳೆಸಿತ್ತು. ಖಾತೆ ಮುಚ್ಚಿದವರ ಫೋಟೋನೂ ಅಳಿಸಿರಲಿಲ್ಲ. ಫೋಟೋ ಮಾತ್ರ ಅಲ್ಲ, ಅದರಿಂದ ಕಟ್ಟಿದ ಮಾಡೆಲ್‌ಗಳನ್ನೂ ಅಳಿಸಿ ಅಂತ ಹೇಳಿದರು. ಕೆಟ್ಟ ದಾರಿಯಲ್ಲಿ ಬಂದ ಫಲವನ್ನೂ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಅರ್ಥ. ಮೇಡಂ, ನಿಮ್ಮ ತಾಣದ ಹೊಸ ನಿಯಮಕ್ಕೆ ಆಕ್ಷೇಪ ಬರೆಯುವಾಗ ಈ ಪ್ರಕರಣ ನೆನಪಿಸಿ.

ಮೌನಿ

ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ನನ್ನ ಪ್ರೊಫೈಲ್ ಫೋಟೋ ತೆಗೆದುಕೊಂಡು ಯಾರೋ ಎಐಯಲ್ಲಿ ಕೆಟ್ಟ ಚಿತ್ರ ಮಾಡಿದ್ದರು. ಅದಕ್ಕೂ ಈ ತರಬೇತಿಗೂ ಸಂಬಂಧ ಇದೆಯಾ? ಇಂಥದ್ದು ಆದರೆ ಏನು ಮಾಡಬೇಕು? ನನಗೆ ಈಗ ಬೇಡ, ಬೇರೆ ಯಾರಿಗಾದರೂ ಬೇಕಾಗಬಹುದು.

ಡೇಟಾದವಳು

ಬರೆದದ್ದಕ್ಕೆ ಧನ್ಯವಾದ. ನೀವು ಏನೂ ತಪ್ಪು ಮಾಡಿಲ್ಲ.

ನೇರ ಸಂಬಂಧ ಕಡಿಮೆ. ಅಂಥ ಚಿತ್ರ ಮಾಡಲು ನಿಮ್ಮ ಫೋಟೋ ತರಬೇತಿಯಲ್ಲಿ ಇರಬೇಕಾಗಿಲ್ಲ. ಒಂದೇ ಒಂದು ಫೋಟೋ ಸಾಕು. ಆದರೆ ಆ ಶಕ್ತಿ ಯಂತ್ರಕ್ಕೆ ಬಂದದ್ದು ಲೆಕ್ಕವಿಲ್ಲದಷ್ಟು ಜನರ ಮುಖ, ಮೈ ನೋಡಿಯೇ. ಅವರನ್ನೂ ಯಾರೂ ಕೇಳಿರಲಿಲ್ಲ.

ಓದುತ್ತಿರುವ ಬೇರೆಯವರಿಗಾಗಿ: 18 ದಾಟಿದವರಿಗೆ ಸ್ಟಾಪ್‌ಎನ್‌ಸಿಐಐ ಎಂಬ ಉಚಿತ ಸೇವೆ ಇದೆ, 2021ರಿಂದ. 18ರ ಒಳಗಿನವರಿಗೆ ಟೇಕ್ ಇಟ್ ಡೌನ್. ಎರಡರಲ್ಲೂ ಚಿತ್ರವನ್ನು ಯಾರಿಗೂ ಕಳಿಸಬೇಕಾಗಿಲ್ಲ. ನಿಮ್ಮ ಫೋನಿನಲ್ಲೇ ಅದರಿಂದ ಒಂದು ಸಂಕೇತ ಸಂಖ್ಯೆ ತಯಾರಾಗುತ್ತದೆ. ಹೊರಗೆ ಹೋಗುವುದು ಆ ಸಂಖ್ಯೆ ಮಾತ್ರ. ಸೇವೆಯಲ್ಲಿ ಸೇರಿರುವ ತಾಣಗಳು ಅದೇ ಚಿತ್ರ ಕಂಡರೆ ತಡೆಯುತ್ತವೆ. ಜೊತೆಗೆ ಸ್ಕ್ರೀನ್‌ಶಾಟ್, ಲಿಂಕ್, ದಿನಾಂಕ ಎತ್ತಿಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ.

ಬಿಡುವಿಲ್ಲದ ಅಮ್ಮ

ಮೌನಿ ಅವರೇ, ನಿಮ್ಮ ಜೊತೆ ಇದ್ದೇವೆ.

ಹೊಸಬ

ಫೋಟೋಗೆ ಏನೋ ಲೇಪ ಹಚ್ಚಿದರೆ ಎಐಗೆ ಓದಲು ಆಗುವುದಿಲ್ಲ ಅನ್ನುತ್ತಾರಲ್ಲ? ರೋಬಾಟ್ಸ್ ಫೈಲ್ ಹಾಕಿದರೆ ಸಾಕು ಅಂತಲೂ ಕೇಳಿದ್ದೇನೆ.

ಡೇಟಾದವಳು

ಲೇಪದ ಸಾಧನಗಳು ಇವೆ. ಷಿಕಾಗೋ ವಿಶ್ವವಿದ್ಯಾಲಯದವರ ಗ್ಲೇಜ್ ಮತ್ತು ನೈಟ್‌ಶೇಡ್. ಅವು ಮುಖ್ಯವಾಗಿ ಚಿತ್ರಕಾರರಿಗೆ, ಅವರ ಶೈಲಿ ಕದಿಯದ ಹಾಗೆ. ಮುಖಕ್ಕೆ ಅಂತಲೇ 2020ರಲ್ಲಿ ಫಾಕ್ಸ್ ಎಂಬುದನ್ನೂ ಮಾಡಿದರು. ಆದರೆ ಲೇಪ ಇಲ್ಲದ ಹಳೇ ಫೋಟೋ ಆಗಲೇ ಹೋಗಿದ್ದರೆ ಹೊಸದಕ್ಕೆ ಹಚ್ಚಿ ಅಷ್ಟು ಪ್ರಯೋಜನ ಇಲ್ಲ. ಇದನ್ನೇ ನಂಬಿ ಕೂರಬೇಡಿ.

ರೋಬಾಟ್ಸ್ ಫೈಲ್ 1994ರ ಕಾಲದ ಒಡಂಬಡಿಕೆ. "ಈ ಪುಟಕ್ಕೆ ಬರಬೇಡಿ" ಅಂತ ಹುಡುಕು ಯಂತ್ರಗಳಿಗೆ ಹೇಳುವ ಚಿಕ್ಕ ಫೈಲ್. ಮರ್ಯಾದೆ ಇದ್ದವರು ಕೇಳುತ್ತಾರೆ, ಇಲ್ಲದವರು ಕೇಳುವುದಿಲ್ಲ. ಆದರೂ ಹಾಕಿ. ಬೇಡ ಅಂತ ಹೇಳಿದ್ದಕ್ಕೆ ದಾಖಲೆ ಆಗುತ್ತದೆ.

ಇವೆಲ್ಲಕ್ಕಿಂತ ಜಾಸ್ತಿ ಉಪಯೋಗ ಆಗುವುದು ಎರಡು ಕೆಲಸ. ಫೋಟೋ ಹಾಕುವ ಮೊದಲು ಅದರೊಳಗಿನ ಜಾಗದ ಮಾಹಿತಿ ತೆಗೆಯಿರಿ. ಲೊಕೇಶನ್ ಆನ್ ಇದ್ದರೆ ಎಲ್ಲಿ ನಿಂತು ತೆಗೆದದ್ದು ಅಂತ ಫೋನು ಫೋಟೋದೊಳಗೇ ಬರೆದಿರುತ್ತದೆ. ಮತ್ತೆ, ಮಗುವಿನ ಮುಖ ಮತ್ತು ಹೆಸರನ್ನು ಒಟ್ಟಿಗೆ ಹಾಕಬೇಡಿ.

ನೇರ ಮಾತು

ಒಂದು ಮಾತು ಹೇಳಿ ಬಿಡುತ್ತೇನೆ. ಬಹಿರಂಗ ಚಿತ್ರಗಳಿಂದ ಕಲಿಯುವುದನ್ನೇ ಪೂರ್ತಿ ನಿಲ್ಲಿಸಬೇಕು ಅನ್ನುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಬೆಟ್ಟ, ಕಟ್ಟಡ, ಜನಜಂಗುಳಿಯ ದೂರದ ಚಿತ್ರ ಇವಕ್ಕೆಲ್ಲ ಒಬ್ಬೊಬ್ಬರನ್ನೂ ಕೇಳುತ್ತಾ ಕೂತರೆ ದೊಡ್ಡ ಕಂಪನಿಗಳಿಗೆ ಮಾತ್ರ ಆ ಕೆಲಸ ಸಾಧ್ಯ. ಸಣ್ಣ ಸಂಶೋಧಕರು ಬಾಗಿಲು ಹಾಕಬೇಕಾಗುತ್ತದೆ. ಆದರೆ ಗುರುತು ಹಿಡಿಯಬಹುದಾದ ಮುಖ, ಅದರ ಪಕ್ಕದಲ್ಲಿ ಹೆಸರು, ಇದನ್ನು ಕೇಳದೆ ತೆಗೆದುಕೊಳ್ಳುವುದು ಸರಿಯಲ್ಲ. ವೈದ್ಯಕೀಯ ಫೋಟೋದ ಸಂಗತಿ ಓದಿದ ಮೇಲೆ ಇಷ್ಟು ಹೇಳಲೇಬೇಕು ಅನಿಸಿತು.

ಮೇಷ್ಟ್ರು

ಅಲ್ಲಿಯವರೆಗೆ ಬಂದಿರಲ್ಲ, ಸಂತೋಷ. ಸಣ್ಣ ಸಂಶೋಧಕರ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಬಳಿ ಉತ್ತರ ಇಲ್ಲ. ಅದು ನಿಜವಾದ ಕಷ್ಟ.

ಹಳೇ ಆಲ್ಬಮ್

ತಂಡದವರೆಲ್ಲ ಕೂತು ಮಾತಾಡಿದೆವು. ಬಟನ್ ಆಫ್ ಮಾಡಿದ್ದೇವೆ. ಹಳೇ ಫೋಟೋಗಳಿಂದ ಹೆಸರು, ಶಾಲೆ ತೆಗೆಯುತ್ತಿದ್ದೇವೆ. ಈಗ ದೊಡ್ಡವರಾಗಿರುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳುತ್ತಿದ್ದೇವೆ. ಉತ್ತರ ಬರುವವರೆಗೆ ಫೋಟೋ ತಂಡದ ಒಳಗೇ ಇರುತ್ತದೆ, ಹೊರಗೆ ಕಾಣುವುದಿಲ್ಲ. ರಾಜನ ಪಾತ್ರದವಳು ಮೀಸೆ ಫೋಟೋ ಮಾತ್ರ ಇರಲಿ, ಹೆಸರು ಬೇಡ ಅಂದಳು. ತಾಣಕ್ಕೆ ಆಕ್ಷೇಪವನ್ನೂ ಬರೆದೆವು.

ಮುಂದಿನ ಶಿಬಿರಕ್ಕೆ ಒಪ್ಪಿಗೆ ಪತ್ರ ಹೀಗೆ ಬರೆದಿದ್ದೇನೆ. ತಿದ್ದಿ ಕೊಡಿ:

"ನಮ್ಮ ಮಗುವಿನ ಫೋಟೋ ತೆಗೆಯಲು ಒಪ್ಪುತ್ತೇವೆ / ಒಪ್ಪುವುದಿಲ್ಲ. ತಂಡದವರಿಗೆ ಮಾತ್ರ ಕಾಣುವ ಕಡೆ ಹಾಕಲು ಒಪ್ಪುತ್ತೇವೆ / ಒಪ್ಪುವುದಿಲ್ಲ. ಎಲ್ಲರಿಗೂ ಕಾಣುವ ಕಡೆ, ಹೆಸರಿಲ್ಲದೆ, ಹಾಕಲು ಒಪ್ಪುತ್ತೇವೆ / ಒಪ್ಪುವುದಿಲ್ಲ. ಈ ಫೋಟೋಗಳನ್ನು ಎಐ ತರಬೇತಿಗೆ ತಂಡ ಯಾರಿಗೂ ಕೊಡುವುದಿಲ್ಲ. ಎಲ್ಲರಿಗೂ ಕಾಣುವ ಕಡೆ ಹಾಕಿದ್ದನ್ನು ಬೇರೆಯವರು ತೆಗೆದುಕೊಳ್ಳದಂತೆ ಪೂರ್ತಿ ತಡೆಯಲು ನಮ್ಮಿಂದ ಆಗುವುದಿಲ್ಲ ಎಂಬುದನ್ನು ತಿಳಿಸಿದ್ದೇವೆ. ಯಾವಾಗ ಹೇಳಿದರೂ ನಮ್ಮ ಪುಟದಿಂದ ತೆಗೆಯುತ್ತೇವೆ."

ಕಾಯ್ದೆ ಓದುವವ

ಚೆನ್ನಾಗಿದೆ. "ಪೂರ್ತಿ ತಡೆಯಲು ಆಗುವುದಿಲ್ಲ" ಅಂತ ಮೊದಲೇ ಹೇಳಿದ್ದು ಪ್ರಾಮಾಣಿಕ, ಅದನ್ನು ಬಿಡಬೇಡಿ. "ಕೊಡುವುದಿಲ್ಲ" ಜೊತೆ "ಮಾರುವುದಿಲ್ಲ" ಅಂತಲೂ ಸೇರಿಸಿ. ತಾಣದ ನಿಯಮ ಬದಲಾದರೆ ಮತ್ತೆ ಕೇಳುತ್ತೇವೆ ಅಂತ ಒಂದು ಸಾಲು ಬೇಕು.

ಬೆಳಕು ನೆರಳು

ಫೋಟೋ ತೆಗೆಯಲು ಬರುವವರಿಂದಲೂ ಸಹಿ ಹಾಕಿಸಿಕೊಳ್ಳಿ. ಅವರ ಕ್ಯಾಮೆರಾದಲ್ಲೂ ಒಂದು ಪ್ರತಿ ಉಳಿದಿರುತ್ತದೆ.

ಬಿಡುವಿಲ್ಲದ ಅಮ್ಮ

ಕೆಳಗೆ ಮಗುವಿಗೂ ಒಂದು ಸಾಲು ಬಿಡಿ. ಆರು, ಏಳು ವರ್ಷದವರಿಗೂ ತಮ್ಮ ಫೋಟೋ ಬೇಕೋ ಬೇಡವೋ ಅಂತ ಹೇಳಲು ಬರುತ್ತದೆ.

ಹಳೇ ಆಲ್ಬಮ್

ಮೂರೂ ಸೇರಿಸಿದೆ. ಮಗುವಿನ ಸಾಲನ್ನು ಮೇಲೆಯೇ ಇಟ್ಟಿದ್ದೇನೆ, ಅಪ್ಪ ಅಮ್ಮನ ಸಹಿಗಿಂತ ಮೊದಲು.